ಅರ್ಧ ಹಳೇ ಟ್ಯಾಂಕಿ, ಅರ್ಧ ಹೊಸಾ ಟ್ಯಾಂಕಿ: ಪುಣೆಯ ಒಂದು ಮೋರಿಸ್ ಮೈನರ್ ಪ್ರಕರಣ

ಗಾಡಿ 1958ರ ಮೋರಿಸ್ ಮೈನರ್ 1000, 948 ಸಿಸಿ ಎಂಜಿನ್ನು, ಬೂದು ಬಣ್ಣ. ಮಾಲೀಕರು ಕೋಥ್ರೂಡ್‌ನಲ್ಲಿರೋ ನಮ್ಮ ಧಾರವಾಡದ ಕಾಕಾ. ಅವರ ಅಪ್ಪ ಬೆಳಗಾವಿಯಲ್ಲಿ ತಗೊಂಡಿದ್ದ ಗಾಡಿ ಅದು, ಕಾಕಾ ನೌಕರಿ ಅಂತ ಪುಣೆಗೆ ಬಂದಾಗ ಜೊತೇಲೇ ಬಂತು, ಆಮೇಲೆ ಇಲ್ಲೇ ಉಳೀತು. ನಂದು ಭೋಸರಿಯಲ್ಲಿ ಸಣ್ಣ ಶೀಟ್ ಮೆಟಲ್ ಶೆಡ್ಡು, ವಾರ ಪೂರ್ತಿ ಪ್ಯಾನೆಲ್ ಬಾಕ್ಸು, ಮಶೀನ್ ಗಾರ್ಡು, ಟ್ರೇ ಇಂಥವು, ಗುರುವಾರ ಎಂಐಡಿಸಿ (ಇಲ್ಲಿನ ಕೈಗಾರಿಕಾ ಪ್ರದೇಶ) ರಜೆ ಇರುತ್ತಲ್ಲ ಅವತ್ತು ಹಳೇ ಗಾಡಿ. ಹಳೇ ಗಾಡಿ ಇಟ್ಟುಕೊಂಡೋರು ಪೆಟ್ರೋಲ್ ಟ್ಯಾಂಕಿ ಬಿಚ್ಚಿ ತಂದ ತಕ್ಷಣ ಕೇಳೋದು ಒಂದೇ ಮಾತು, ಇದನ್ನೇ ರಿಪೇರಿ ಮಾಡೋದಾ ಹೊಸದು ಮಾಡಿಸೋದಾ ಅಂತ. ಬಿಚ್ಚೋಕೆ ಮುಂಚೇನೇ ಉತ್ತರ ತೀರ್ಮಾನ ಮಾಡ್ಕೊಂಡು ಬಂದಿರ್ತಾರೆ ಬೇರೆ. ಈ ಗಾಡೀಲಿ ಎರಡೂ ಮಾಡಬೇಕಾಗಿ ಬಂತು, ಅದಕ್ಕೆ ಪೂರ್ತಿ ಬರೀತಿದೀನಿ.

ಕಾಕಾ ಫೋನ್ ಮಾಡಿದ್ದು ಪುಣೆ ಸಾತಾರಾ ನಡುವಿನ ಖಂಬಾಟಕಿ ಘಾಟಿನಿಂದ. ಧಾರವಾಡದಲ್ಲಿ ಅಣ್ಣನ ಮೊಮ್ಮಗಳ ಮದುವೆ, ಇದೇ ಗಾಡೀಲೇ ಹೋಗಬೇಕು ಅಂತ ಹಠ ಹಿಡಿದು ಕಾಕೂನ ಕೂರಿಸಿಕೊಂಡು ಹೊರಟಿದ್ರು.

"ತಮ್ಮಾ, ಹತ್ತು ಕಿಲೋಮೀಟರ್ ಛಲೋ ಓಡ್ತದ, ಆಮ್ಯಾಲೆ ಸುಮ್ನ ನಿಂತಬಿಡ್ತದ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡದ್ರ ಮತ್ತ ಹೊಂಡ್ತದ. ಮುಂಜಾನಿಂದ ನಾಕು ಸಲ ಆತು."

"ನಿಂತಾಗ ಪಂಪ್ ಸಪ್ಪಳ ಹೆಂಗ್ ಬರ್ತೈತ್ರಿ ಕಾಕಾ? ಗಡಗಡ ಬಡಕೋತೈತೇನು, ಇಲ್ಲಾ ಮೆಲ್ಲಕ?"

"ಒಂದೊಂದಾ ಟಿಕ್ ಅಂತದ ನೋಡು, ದಮ್ಮು ಹತ್ತಿದವರ್ಹಂಗ."

ಈ ಒಂದು ಮಾತಲ್ಲಿ ಅರ್ಧ ರೋಗ ಸಿಕ್ಕಿಬಿಡ್ತು. ಮೈನರ್‌ನಲ್ಲಿ ಪೆಟ್ರೋಲ್ ಎಳೆಯೋದು ಬಾನೆಟ್ ಒಳಗಿರೋ ಎಸ್‌ಯು ಎಲೆಕ್ಟ್ರಿಕ್ ಪಂಪು, ಕೀ ಹಾಕಿದ್ರೆ ಟಿಕ್ ಟಿಕ್ ಅಂತ ಬಡಿದು ಕಾರ್ಬ್ಯುರೇಟರ್ ಬಟ್ಟಲು ತುಂಬಿದ ಮೇಲೆ ತಾನಾಗೇ ಸುಮ್ಮನಾಗುತ್ತೆ. ಎಲ್ಲಾದ್ರೂ ಗಾಳಿ ಎಳೀತಿದ್ರೆ ನಿಲ್ಲದೇ ಜೋರಾಗಿ ಬಡ್ಕೊಳ್ಳುತ್ತೆ. ಎಳೆಯೋ ಕಡೆಯ ಬಾಯೇ ಮುಚ್ಚಿದ್ರೆ ಒಳಗಿನ ಡಯಾಫ್ರಾಮ್ ಪೂರ್ತಿ ಹಿಂದೆ ಬರಕ್ಕಾಗದೆ ಒಂದೊಂದೇ ಟಿಕ್ಕು, ಆಮೇಲೆ ಅದೂ ಇಲ್ಲ. ಟ್ಯಾಂಕಿ ಮುಚ್ಚಳ ತೆಗೆದು ನೋಡಿ ಅಂದೆ, ತೆಗೆದ್ರು, ಉಸ್ಸಂತ ಗಾಳಿ ಒಳಗೆ ಹೋಗಲಿಲ್ಲ, ಗಾಡಿ ಅದೇ ಹಾಡು. ಅಂದ್ರೆ ಮುಚ್ಚಳದ ಗಾಳಿ ತೂತು ಸರಿ ಇದೆ, ಟ್ಯಾಂಕಿ ಒಳಗೆ ಏನೋ ಕಸ ಹೀರೋ ಪೈಪಿನ ಬಾಯಿಗೆ ಬಂದು ಅಂಟ್ಕೊಳ್ತಾ ಇದೆ, ಗಾಡಿ ನಿಂತ ಮೇಲೆ ಎಳೆತ ಹೋಗಿ ಕಸ ಕೆಳಗೆ ಬೀಳುತ್ತೆ, ಮತ್ತೆ ಹೊರಡುತ್ತೆ, ಮತ್ತೆ ಅಂಟುತ್ತೆ. ಕಾಕಾ ಕಾಕೂ ಬಸ್ಸಿಗೆ ಹೋದ್ರು, ಗಾಡಿ ಟೋಯಿಂಗ್ ವ್ಯಾನ್ ಮೇಲೆ ಭೋಸರಿಗೆ ಬಂತು.

ಗುರುವಾರ ಡ್ರೇನ್ ಪ್ಲಗ್ ಬಿಚ್ಚಿ ಮೊದಲ ಅರ್ಧ ಲೀಟರ್ ಗಾಜಿನ ಬಾಟಲಿಗೆ ಹಿಡಿದ್ವಿ. ಐದು ನಿಮಿಷ ಬಿಟ್ಟು ನೋಡಿದ್ರೆ ಎರಡು ಪದರ, ಮೇಲೆ ಪೆಟ್ರೋಲು, ಕೆಳಗೆ ಎರಡು ಬೆರಳಷ್ಟು ಟೀ ಬಣ್ಣದ ನೀರು, ಆ ನೀರಲ್ಲಿ ಹಾಲಿನ ಕೆನೆ ಥರ ಮಾಸಲು ಪೊರೆಗಳು ತೇಲ್ತಾ ಇದ್ವು. ಒಂದು ಪೊರೆ ಎತ್ತಿ ಬೆರಳ ಮೇಲೆ ಇಟ್ಕೊಂಡೆ, ಪ್ಲಾಸ್ಟಿಕ್ ಥರ ಎಳೆದ್ರೆ ಹಿಗ್ಗುತ್ತೆ, ಒಂದು ಮಗ್ಗುಲು ನುಣುಪು, ಇನ್ನೊಂದು ಮಗ್ಗುಲಿಗೆ ತುಕ್ಕಿನ ಪುಡಿ ಮೆತ್ಕೊಂಡಿತ್ತು. ಅಲ್ಲಿಗೆ ಗೊತ್ತಾಯ್ತು, ಯಾವಾಗ್ಲೋ ಯಾರೋ ಟ್ಯಾಂಕಿ ಒಳಗೆ ಸೀಲರ್ (ತೂತು ಮುಚ್ಚೋ ಅಂಟು ದ್ರವ) ಸುರಿದಿದಾರೆ, ತುಕ್ಕು ತೆಗೀದೇ ತುಕ್ಕಿನ ಮೇಲೇ ಸುರಿದಿದಾರೆ. ಕಾಕಾನ ಕೇಳಿದ್ರೆ ಹೌದು, ಸುಮಾರು ಹದಿನೈದು ವರ್ಷದ ಹಿಂದೆ ಒಂದು ಗ್ಯಾರೇಜಲ್ಲಿ ಟ್ಯಾಂಕಿ ಸೋರ್ತಿದೆ ಅಂತ ಹಾಕ್ಸಿದ್ದೆ ಅಂದ್ರು. ಅಷ್ಟು ವರ್ಷ ಹೆಂಗೋ ನಡೀತು. 2023ರಿಂದ ಇ20, ಅಂದ್ರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್, ಬರಕ್ಕೆ ಶುರುವಾಯ್ತಲ್ಲ, ಎಥನಾಲ್‌ಗೆ ಎರಡು ಗುಣ, ಒಂದು ಗಾಳಿಯಲ್ಲಿರೋ ತೇವ ಎಳ್ಕೊಳ್ಳೋದು, ಇನ್ನೊಂದು ಪೆಟ್ರೋಲಿಗೆ ಜಗ್ಗದೇ ಇದ್ದ ಹಳೇ ಅಂಟು, ಹಳೇ ರಬ್ಬರು ಇವನ್ನೆಲ್ಲ ಮೆತ್ತಗೆ ಮಾಡೋದು. ತಿಂಗಳಿಗೆ ಒಂದು ಸಲ ಹೊರಗೆ ತೆಗೆಯೋ ಗಾಡೀಲಿ ನೀರು ಜಾಸ್ತಿ ಆದ ಹಂಗೆ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಜೊತೆ ಸೇರ್ಕೊಂಡು ತಳಕ್ಕೆ ಕೂರುತ್ತೆ, ಅಲ್ಲೇ ಕಬ್ಬಿಣ ತಿನ್ನುತ್ತೆ. ಬಾಟಲಿಯಲ್ಲಿ ಕೆಳಗೆ ಕೂತಿದ್ದು ಅದೇ.

ಟ್ಯಾಂಕಿ ಕೆಳಗಿಳಿಸೋದು ಕಷ್ಟ ಅಲ್ಲ, ಡಿಕ್ಕಿ ತಳಕ್ಕೆ ಸುತ್ತ ಫ್ಲ್ಯಾಂಜಿನಿಂದ (ಹೊರಗೆ ಚಾಚಿದ ಅಂಚಿನಿಂದ) ಸ್ಕ್ರೂ ಹಾಕಿ ತೂಗು ಬಿಟ್ಟಿರ್ತಾರೆ, ಆದ್ರೆ ಅರವತ್ತು ವರ್ಷದ ಸ್ಕ್ರೂ ಅಂದ್ರೆ ಬಿಚ್ಚೋದಲ್ಲ, ಬೇಡ್ಕೊಳ್ಳೋದು. ಅದು ಆಯ್ತು. ಆರೂವರೆ ಗ್ಯಾಲನ್ನಿಂದು, ನಮ್ಮ ಲೆಕ್ಕದಲ್ಲಿ ಸುಮಾರು 29.5 ಲೀಟರ್. ಮೇಲಿಂದೊಂದು ಕೆಳಗಿಂದೊಂದು ಒತ್ತಿ ಮಾಡಿದ ಎರಡು ತಟ್ಟೆ, ಅಂಚಿಗೆ ಅಂಚು ಸೀಮ್ ವೆಲ್ಡ್.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಖಾಲಿ ಟ್ಯಾಂಕಿ ತುಂಬಿದ ಟ್ಯಾಂಕಿಗಿಂತ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು 1.4ರಿಂದ 7.6 ಪರ್ಸೆಂಟ್ ಇದ್ರೆ ಒಂದು ಕಿಡಿ ಸಾಕು, ಖಾಲಿ ಟ್ಯಾಂಕಿಯಲ್ಲಿ ಇರೋದು ಹೆಚ್ಚು ಕಮ್ಮಿ ಅದೇ ಮಿಶ್ರಣ. ವಾಸನೆ ಹೋಯ್ತು ಅಂತ ನಂಬೋ ಹಂಗಿಲ್ಲ, ಸೀಮ್ ಸಂದಿಯಲ್ಲಿ, ಗಟ್ಟಿಯಾದ ಅಂಟಿನ ಕೆಳಗೆ ಪೆಟ್ರೋಲ್ ಅವಿತಿರುತ್ತೆ, ಬಿಸಿ ತಾಗಿದ ತಕ್ಷಣ ಹೊರಗೆ ಬರುತ್ತೆ. ನಾನು ಕೆಲಸ ಕಲೀತಿದ್ದಾಗ ಒಂದು ಶೆಡ್ಡಲ್ಲಿ ಬರೀ ತೊಳೆದ ಡ್ರಮ್ಮಿಗೆ ಗ್ಯಾಸ್ ಹಚ್ಚಿದ್ದು ಕಣ್ಣಾರೆ ನೋಡಿದೀನಿ, ಮುಚ್ಚಳ ಸಿಮೆಂಟ್ ಶೀಟ್ ಹರ್ಕೊಂಡು ಮೇಲೆ ಹೋಯ್ತು, ಹಚ್ಚಿದವನ ಒಂದು ಕಿವಿ ಇವತ್ತಿಗೂ ಕೇಳಲ್ಲ. ಅದಕ್ಕೇ ನಮ್ಮಲ್ಲಿ ರೂಲ್ ಒಂದೇ, ಕುದಿಯೋ ನೀರು ಡಿಟರ್ಜೆಂಟ್ ಹಾಕಿ ಮೂರು ಸಲ, ಆಮೇಲೆ ಹಬೆ, ಆಮೇಲೆ ಎರಡು ದಿನ ಬಾಯಿ ತೆರೆದು ಬಿಸಿಲಿಗೆ. ಇಷ್ಟಾದ್ರೂ ಮೊದಲ ಕೆಲಸಕ್ಕೆ ಬೆಂಕಿ ಇಲ್ಲ, ಗ್ರೈಂಡರ್ ಇಲ್ಲ, ಕೈ ಕತ್ತರಿ ಮತ್ತು ಉಳಿ ಮಾತ್ರ.

ತೊಳೆದ ಮೇಲೆ ದಪ್ಪ ಅಳೆಯೋದು. ಸೋಲಾಪುರ ಕಡೆಯ ಗೆಳೆಯ ಒಬ್ಬ ಬಾಯ್ಲರ್ ಇನ್ಸ್‌ಪೆಕ್ಷನ್ ಕೆಲಸ ಮಾಡ್ತಾನೆ, ಶಬ್ದದ ಪ್ರತಿಧ್ವನಿಯಿಂದ ದಪ್ಪ ಅಳೆಯೋ ಅವನ ಅಲ್ಟ್ರಾಸೋನಿಕ್ ಗೇಜ್ ಎರಡು ದಿನಕ್ಕೆ ತಂದೆ. ಮೊದಲ ರೀಡಿಂಗ್ ಟ್ಯಾಂಕಿ ತಲೆ ಮೇಲೆ 1.1 ಮಿಮೀ ಬಂತು. ನಮ್ಮ ಜತ್ ಕಡೆಯ ಹುಡುಗ ಖುಷಿಯಾಗಿ "ಅಣ್ಣಾ, ಶೀಟ್ ಗಟ್ಟಿ ಐತಿ" ಅಂದ. ಆದ್ರೆ ತುಕ್ಕು ತಿನ್ನದ ಅಂಚಲ್ಲಿ ಮೈಕ್ರೋಮೀಟರ್ ಹಿಡಿದ್ರೆ ಮೂಲ ಶೀಟೇ 0.9, ಅಂದ್ರೆ 20 ಗೇಜು, ಅರವತ್ತು ವರ್ಷ ತುಕ್ಕು ತಿಂದ ಮೇಲೆ ಅದು 1.1 ಆಗೋದು ಹೆಂಗೆ? ತೆಳು ಶೀಟಿನಲ್ಲಿ ಸಾದಾ ಪ್ರೋಬ್ ಮೊದಲ ಪ್ರತಿಧ್ವನಿ ಬಿಟ್ಟು ಎರಡನೇದನ್ನ ಹಿಡಿದು ಡಬಲ್ ತೋರಿಸಿಬಿಡುತ್ತೆ, 0.55 ಇರೋದು 1.1 ಆಗಿ ಕಾಣುತ್ತೆ. ಈ ಒಂದು ತಪ್ಪಿನಿಂದ ಎಷ್ಟು ಟ್ಯಾಂಕಿ ಗಟ್ಟಿ ಅಂತ ಪಾಸಾಗಿವೆಯೋ. ತೆಳು ಶೀಟಿಗೆ ಅಂತಲೇ ಇರೋ ಡಿಲೇ ಲೈನ್ ಪ್ರೋಬ್ ತರಿಸಿ, ಸೀಮೆಸುಣ್ಣದಲ್ಲಿ ಎರಡೆರಡು ಇಂಚಿಗೆ ಗೆರೆ ಎಳೆದು ಚೌಕ ಚೌಕ ಅಳೆದು ಅಲ್ಲೇ ಬರೀತಾ ಹೋದ್ವಿ.

ಬಂದ ಲೆಕ್ಕ ನೋಡಿ. ಕೆಳಗಿನ ತಟ್ಟೆ ಬಹುಪಾಲು 0.8 ಮೇಲೆ, ಡ್ರೇನ್ ಪ್ಲಗ್ ಸುತ್ತ ಮಾತ್ರ 0.6. ಮೇಲಿನ ತಟ್ಟೆ ಫ್ಲ್ಯಾಂಜ್ ಹತ್ರ 0.5, ಒಳಗೆ ಬಂದ ಹಂಗೆ 0.4, 0.3, ಆಮೇಲೆ ಮೂರು ಚೌಕದಲ್ಲಿ ಗೀಚುಮೊಳೆ ಒತ್ತಿದ್ರೆ ಸೀದಾ ಒಳಗೆ. ಜನ ಅಂದುಕೊಳ್ಳೋದು ನೀರು ತಳದಲ್ಲಿರುತ್ತೆ, ತಳವೇ ಹೋಗುತ್ತೆ ಅಂತ. ಮೈನರ್‌ನಲ್ಲಿ ಉಲ್ಟಾ ಆಗೋದು ಜಾಸ್ತಿ, ಡಿಕ್ಕಿ ರಬ್ಬರು ಹಳೇದಾಗಿ ಮಳೆ ನೀರು ಒಳಗಿಳಿದು ಡಿಕ್ಕಿ ತಳಕ್ಕೂ ಟ್ಯಾಂಕಿ ತಲೆಗೂ ನಡುವಿನ ಸಂದಿಯಲ್ಲಿ ಮಣ್ಣಿನ ಜೊತೆ ಕೂರುತ್ತೆ, ಹೊರಗಿಂದ ಒಳಕ್ಕೆ ತಿನ್ನುತ್ತೆ, ಕೆಳಗೆ ಬಗ್ಗಿ ನೋಡಿದವರಿಗೆ ತಳ ಫಳಫಳ ಕಾಣುತ್ತೆ. ಪುಣೆ ಮಳೆಗಾಲ ಎಷ್ಟೋ ಕಂಡಿದೆ ಈ ಗಾಡಿ.

ಈಗ ದಾರಿ ಯಾವುದು? ಗುರುವಾರ ಸಂಜೆ ಕಾಕಾ ಶೆಡ್ಡಿಗೆ ಬಂದ್ರು, ಚಹಾ ಕುಡೀತಾ ಒಂದೊಂದೇ ನೋಡಿದ್ವಿ.

ಮತ್ತೆ ಸೀಲರ್ ಹಾಕೋದು ನಾನು ಮೊದಲೇ ಆಗಲ್ಲ ಅಂದೆ. ಈಗ ಎಥನಾಲ್‌ಗೆ ತಾಳೋ ಒಳ್ಳೇ ಎಪಾಕ್ಸಿ ಸೀಲರ್ ಬಂದಿವೆ, ಶೀಟ್ ಗಟ್ಟಿ ಇದ್ದು ಒಂದೆರಡು ಸೂಜಿ ತೂತಿದ್ರೆ ನಾನೂ ಹಾಕ್ತೀನಿ. ಆದ್ರೆ 0.3 ಮಿಮೀ ಶೀಟಿಗೆ ಸೀಲರ್ ಅಂದ್ರೆ ಪೆಟ್ರೋಲ್ ತುಂಬಿದ ಪ್ಲಾಸ್ಟಿಕ್ ಚೀಲ ತಗೊಂಡು ಹೆದ್ದಾರಿಗೆ ಹೋದ ಹಂಗೆ. ಹಿಂದೆ ಕೂರೋದು ಮೊಮ್ಮಕ್ಕಳು. ಲೋಹ ಹೋದ ಜಾಗಕ್ಕೆ ಲೋಹಾನೇ ಬರಬೇಕು, ಇದರಲ್ಲಿ ನಾನು ಬಗ್ಗಲ್ಲ.

ಎರಡನೇದು ಇಂಗ್ಲೆಂಡಿನಿಂದ ತರಿಸೋದು. ಮೈನರ್ 16 ಲಕ್ಷದ ಮೇಲೆ ತಯಾರಾದ ಗಾಡಿ, ಅಲ್ಲಿ ಇವತ್ತಿಗೂ ಇದಕ್ಕೆ ಹೊಸ ಟ್ಯಾಂಕಿ ಮಾಡಿ ಮಾರ್ತಾರೆ. ಖರ್ಚು, ಸಾಗಾಣಿಕೆ, ಕಸ್ಟಮ್ಸು ಎಲ್ಲ ಸೇರಿಸಿ ನೋಡಿದ್ರೂ ಇದು ತಪ್ಪು ದಾರಿ ಅಲ್ಲ, ಕೆಳಗಿನ ತಟ್ಟೆಯೂ ಹೋಗಿದ್ರೆ ನಾನೇ ಆರ್ಡರ್ ಮಾಡಿಸ್ತಿದ್ದೆ. ಒಂದು ಎಚ್ಚರ, 1957ಕ್ಕೆ ಮುಂಚಿನ ಗಾಡಿಗೆ ಐದು ಗ್ಯಾಲನ್ನಿನ ಟ್ಯಾಂಕಿ, ಅದನ್ನ ನೋಡದೇ ತರಿಸಿ ಒದ್ದಾಡಿದವರಿದಾರೆ.

ಮೂರನೇದು ಇಲ್ಲೇ ಪೂರ್ತಿ ಹೊಸದು. ಚಾಕಣ್ ಭೋಸರಿಯಲ್ಲಿ ಯಾರನ್ನ ಕೇಳಿದ್ರೂ ಸ್ಟೇನ್‌ಲೆಸ್ ಹಾಕಿ ಅಂತಾರೆ. ತುಕ್ಕಿನ ಚಿಂತೆ ಇಲ್ಲ ನಿಜ. ಆದ್ರೆ ಗಾಡಿ ನಡುಗೋ ನಡುಗಿಗೆ ಸ್ಟೇನ್‌ಲೆಸ್ಸಿನ ವೆಲ್ಡ್ ಪಕ್ಕ ಕೂದಲೆಳೆ ಬಿರುಕು ಬಂದಿದ್ದು ನನ್ನ ಶೆಡ್ಡಿಗೇ ಎರಡು ಸಲ ಬಂದಿದೆ, ಶೀಟ್ ಗಟ್ಟಿಯಾಗಲಿ ಅಂತ ಒತ್ತಿ ಎತ್ತೋ ಒತ್ತು ಪಟ್ಟಿ ಇಲ್ಲದೆ ಚಪ್ಪಟೆ ಡಬ್ಬಿ ಮಾಡಿದ್ರೆ ಅದು ಗ್ಯಾರಂಟಿ. ಇನ್ನು ಕೆಲವರು ಜಿಪಿ ಶೀಟ್, ಅಂದ್ರೆ ಸತುವಿನ ಲೇಪದ ಶೀಟ್, ಅಂತಾರೆ. ದಯವಿಟ್ಟು ಬೇಡ. ಎಥನಾಲ್ ಮತ್ತು ನೀರು ಸತುವನ್ನ ತಿಂದು ಬಿಳೀ ಪುಡಿ ಮಾಡುತ್ತೆ, ಆ ಪುಡಿ ಸೀದಾ ಕಾರ್ಬ್ಯುರೇಟರ್ ಜೆಟ್ಟಿಗೆ. ವೆಲ್ಡ್ ಮಾಡುವಾಗ ಬರೋ ಸತುವಿನ ಹೊಗೆ ಬೇರೆ, ಅವತ್ತು ರಾತ್ರಿ ಚಳಿಜ್ವರ.

ಕಾಕಾ ಸುಮ್ಮನೆ ಕೆಳಗಿನ ತಟ್ಟೆ ಮೇಲೆ ಕೈಯಾಡಿಸ್ತಾ ಇದ್ರು. "ಅಪ್ಪ ಇದಕ್ಕ ಕೆಳಗ ಮಲ್ಕೊಂಡು ತಾವಾ ಪ್ಲಗ್ ಬಿಚ್ಚತಿದ್ರು. ಈ ಪ್ಲಗ್ಗಿನ ಮೂಲಿ ನೋಡು, ಪಾನಾ ಜಾರಿ ಸವದದ. ಇದು ಇರಬೇಕು ತಮ್ಮಾ. ಉಳದದ್ದು ನೀ ಹೇಳಿದಂಗ." ಹಂಗಾಗಿ ಕೆಳಗಿನ ತಟ್ಟೆ ಹಳೇದೇ, ಮೇಲಿನ ತಟ್ಟೆ ಹೊಸದು ಅಂತಾಯ್ತು.

ಅವರಿಗೆ ಇನ್ನೊಂದು ಚಿಂತೆ, ವಿಂಟೇಜ್ ರಿಜಿಸ್ಟ್ರೇಶನ್. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಅಂತ ನಂಬರು ಕೊಡ್ತಾರಲ್ಲ, ಹೊಸದಾಗಿ ಮಾಡಿಸಕ್ಕೆ 20,000, ಮರುನೋಂದಣಿಗೆ 5,000 ಫೀಸು, ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನೋ ಷರತ್ತಿದೆ. ಆ ಷರತ್ತಲ್ಲಿ ಹೆಸರಿಟ್ಟು ಹೇಳಿರೋದು ಚಾಸಿ, ಬಾಡಿ ಶೆಲ್, ಎಂಜಿನ್ ಬದಲಾವಣೆ ಬಗ್ಗೆ, ಟ್ಯಾಂಕಿ ಹೆಸರಿಲ್ಲ ಅಂತ ತೋರಿಸಿದ ಮೇಲೆ ಸಮಾಧಾನ ಆದ್ರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಫಿವಾ ಅಂತ ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಇದೆಯಲ್ಲ, ಅದರ ಟ್ಯೂರಿನ್ ಚಾರ್ಟರ್ ಮಾತು. ಆದಷ್ಟು ಮೂಲದ ಲೋಹ ಉಳಿಸಿ, ಬದಲಿಸಿದ್ರೆ ಇದು ಬದಲಿಸಿದ್ದು ಅಂತ ಅಳಿಯದ ಗುರುತು ಹಾಕಿ ಅನ್ನುತ್ತೆ ಅದು. ಹೊಸದನ್ನ ಹಳೇದರ ಥರ ಕಾಣೋ ಹಂಗೆ ಮಾಡಿ ಮುಚ್ಚಿಡೋದು ಮುಂದಿನ ಮಾಲೀಕನಿಗೆ ಮೋಸ.

ಕೆಲಸ ಹೆಂಗಾಯ್ತು ಅಂದ್ರೆ, ಅಂಚಿನ ಸೀಮ್ ಒಳಬದಿಗೆ ಉಳಿಯಿಂದ ಕತ್ತರಿಸಿ ಮೇಲಿನ ತಟ್ಟೆ ಬಿಡಿಸಿದ್ವಿ. ಒಳಗೆ ನೋಡಿದಾಗ ಸೀಲರ್ ಗೋಡೆಯಿಂದ ಬಿಟ್ಟು ಒದ್ದೆ ಗೋಡೆಯ ಬಣ್ಣದ ಥರ ಉಬ್ಬಿ ನಿಂತಿತ್ತು, ಥಿನ್ನರಲ್ಲಿ ನೆನೆಸಿದ ಬಟ್ಟೆ ರಾತ್ರಿ ಹೊದಿಸಿಟ್ರೆ ಬೆಳಿಗ್ಗೆ ಹಾಳೆ ಹಾಳೆಯಾಗಿ ಎದ್ದು ಬಂತು. ಅದರ ಕೆಳಗಿನ ತುಕ್ಕಿಗೆ ಟಾಯ್ಲೆಟ್ ಆಸಿಡ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಅದು ತುಕ್ಕಿನ ಜೊತೆ ಒಳ್ಳೇ ಕಬ್ಬಿಣಾನೂ ತಿನ್ನುತ್ತೆ. ನಾವು ಹಾಕಿದ್ದು ಕಾಕಂಬಿ. ಸಕ್ಕರೆ ಕಾರ್ಖಾನೆಯ ಸೀಮೆ ನಮ್ಮದು, ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು, ಅದರಲ್ಲಿ ತಟ್ಟೆ ಹನ್ನೆರಡು ದಿನ ಮುಳುಗಿಸಿಟ್ವಿ. ಹುಳಿ ಬಂದು ನೊರೆ ಎದ್ದು ಪಕ್ಕದ ಶೆಡ್ಡಿನವರು ಏನ್ರೀ ಇದು ವಾಸನೆ ಅಂತ ಬಂದು ಕೇಳಿದ್ರು, ಆದ್ರೆ ತೆಗೆದಾಗ ತುಕ್ಕೆಲ್ಲ ಬಿಟ್ಟು ಬೂದು ಕಬ್ಬಿಣ, ಸಣ್ಣ ಸಣ್ಣ ಗುಳಿಗಳು ಮಾತ್ರ. ಒಳ್ಳೇ ಲೋಹಕ್ಕೆ ಏನೂ ಆಗಿರಲಿಲ್ಲ, ಗೇಜ್ ಹಿಡಿದು ನೋಡಿದೆ, ಅದೇ 0.8.

ಹೊಸ ತಟ್ಟೆ 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್. ನಡುವೆ ಉದ್ದಕ್ಕೂ ಇರೋ ಒತ್ತು ಪಟ್ಟಿಗಳು ಅಂದಕ್ಕಲ್ಲ, ಅವಿಲ್ಲದೆ ಶೀಟ್ ಡಬಡಬ ಅಂತ ಒಳಗೆ ಹೊರಗೆ ಬಡಿದು ಅಂಚಲ್ಲಿ ಒಡೆಯುತ್ತೆ, ಹಳೇ ತಟ್ಟೆಯ ಅಳತೆ ತಗೊಂಡು ಅಷ್ಟೂ ಪಟ್ಟಿ ಎತ್ತಿದ್ವಿ. ಮೂಲೆಗಳೇ ಕಾಡಿಸಿದ್ವು. ಸಾಗವಾನಿ ಅಚ್ಚಿನ ಮೇಲೆ ಬಡಿದ್ರೆ ಸೀರೆ ನಿರಿಗೆ ಥರ ಮಡಿಕೆ ಬೀಳ್ತಿತ್ತು, ಎರಡು ಶೀಟ್ ಹಾಳಾಯ್ತು. ಕೊನೆಗೆ ಕಸಬಾ ಪೇಠೆಯ ತಾಂಬಟ ಆಳಿಗೆ ಹೋದೆ, ಪೇಶ್ವೆ ಕಾಲದಿಂದ ತಾಮ್ರದ ಹಂಡೆ ಬಡಿಯೋ ಮನೆತನಗಳ ಓಣಿ ಅದು. ಅಲ್ಲೊಬ್ಬ ಹಿರಿಯರು ನನ್ನ ಹಾಳಾದ ಮೂಲೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ನೀನು ಶೀಟನ್ನ ಹಿಗ್ಗಿಸ್ತಿದೀಯ, ಕುಗ್ಗಿಸಬೇಕು, ಅಂಚಿಂದ ಬಡಿ, ಮಡಿಕೆ ಏಳೋ ಮುಂಚೇನೇ ಅದರ ತುದಿ ಮುಚ್ಚು, ನಡುನಡುವೆ ಕೆಂಪಗೆ ಕಾಯಿಸು ಅಂತ ಮರಾಠಿಯಲ್ಲಿ ಹೇಳಿ, ಮರದ ಕೊಡತಿಯಲ್ಲಿ ಹತ್ತು ಪೆಟ್ಟು ಹೊಡೆದು ತೋರಿಸಿದ್ರು. ದುಡ್ಡು ಮುಟ್ಟಲಿಲ್ಲ. ಮೂರನೇ ಶೀಟ್ ಸರಿಯಾಗಿ ಬಂತು.

ಒಳಗಿನ ಲೇಪ. ಕಂಪನಿಯವರು ಆ ಕಾಲದ ಟ್ಯಾಂಕಿಗೆ ಹಾಕ್ತಿದ್ದಿದ್ದು ಟರ್ನ್ ಶೀಟ್, ಅಂದ್ರೆ ಸೀಸ ಜಾಸ್ತಿ ತವರ ಕಮ್ಮಿ ಇರೋ ಕಲಾಯಿ ಮಾಡಿದ ಉಕ್ಕು. ಹಳೇ ಟ್ಯಾಂಕಿ ಉಜ್ಜುವಾಗ ಆ ಸೀಸದ ಧೂಳು ಕುಡೀಬಾರದು, ಒದ್ದೆ ಮಾಡಿ ಉಜ್ಜಬೇಕು, ಮಾಸ್ಕ್ ಹಾಕಬೇಕು, ಆ ಬಟ್ಟೆ ಮನೆಗೆ ತಗೊಂಡು ಹೋಗಬಾರದು. ನಾವು ಸೀಸ ಬಿಟ್ಟು ಬರೀ ತವರದ ಕಲಾಯಿ ಮಾಡಿಸಿದ್ವಿ, ಎರಡು ತಟ್ಟೆಗೂ, ಜೋಡಿಸೋ ಮುಂಚೆ, ಅಂಚು ಬಿಟ್ಟು. ತಾಮ್ರ ಹಿತ್ತಾಳೆ ಪಾತ್ರೆಗೆ ನವಸಾಗರ ಸಾಕು, ಉಕ್ಕಿಗೆ ಸಾಲದು, ಆಸಿಡ್ಡಲ್ಲಿ ಸತು ಕರಗಿಸಿದ ಫ್ಲಕ್ಸ್ ಬೇಕು. 232 ಡಿಗ್ರಿಗೆ ತವರ ಕರಗಿ ಹತ್ತಿಯ ಉಂಡೆ ಹಿಂದೆ ಬೆಳ್ಳಿ ಥರ ಹರಿದು ಹೋಗೋದು ನೋಡಬೇಕು. ಆದ್ರೆ ಆ ಫ್ಲಕ್ಸ್ ಒಂದು ಹನಿ ಉಳಿದ್ರೂ ಆರು ತಿಂಗಳಿಗೆ ತುಕ್ಕು, ಅದಕ್ಕೆ ವಾಷಿಂಗ್ ಸೋಡಾ ನೀರಲ್ಲಿ ತೊಳೆದು ತೊಳೆದು ನಮ್ಮ ಹುಡುಗನ ಕೈ ಬೆಳ್ಳಗಾಯ್ತು.

ಜೋಡಿಸಿದ್ದು ಟಿಗ್ ವೆಲ್ಡಿಂಗ್‌ನಲ್ಲಿ, ಒಳಗೆ ಆರ್ಗಾನ್ ಗ್ಯಾಸ್ ಬಿಟ್ಟು, ಒಂದು ಕಡೆ ಒಂದಿಂಚು ಹಾಕಿದ್ರೆ ಆಮೇಲೆ ಎದುರು ಕಡೆ ಒಂದಿಂಚು, ಇಲ್ಲಾಂದ್ರೆ ಫ್ಲ್ಯಾಂಜ್ ಹಪ್ಪಳದ ಹಂಗೆ ಸೊಟ್ಟ ಆಗುತ್ತೆ. ಮೇಲೆ ಸೀಮಿಗೆ ಪೂರ್ತಿ ತವರದ ಬೆಸುಗೆ ಓಡಿಸಿದ್ವಿ.

ಟೆಸ್ಟಲ್ಲಿ ಜನ ಮಾಡೋ ತಪ್ಪು ಕಂಪ್ರೆಸರ್ ಗಾಳಿ ಸೀದಾ ಬಿಡೋದು. ಒಂದು ಪಿಎಸ್ಐ (ಚದರ ಇಂಚಿಗೆ ಒಂದು ಪೌಂಡು ಒತ್ತಡ) ಅಂದ್ರೆ ಏನೂ ಅಲ್ಲ ಅನ್ಸುತ್ತೆ, ಒಂದು ಚದರ ಅಡಿ ಶೀಟಿನ ಮೇಲೆ ಅದು 144 ಪೌಂಡು, ಸುಮಾರು 65 ಕೇಜಿ, ಒಬ್ಬ ಆಳು ನಿಂತ ಹಂಗೆ. ನಾವು ಎರಡರ ಮೇಲೆ ಹೋಗಲಿಲ್ಲ. ಸೋಪು ನೊರೆಗೆ ಗುಳ್ಳೆ ಬರಲಿಲ್ಲ. ಆದ್ರೂ ನಂಬಲಿಲ್ಲ, ಸೀಮ್ ಸುತ್ತ ಸುಣ್ಣದ ನೀರು ಬಳಿದು ಒಣಗಿಸಿ ಒಳಗೆ ಸೀಮೆಎಣ್ಣೆ ಹಾಕಿ ಆಗಾಗ ಮಗ್ಗುಲು ಬದಲಿಸ್ತಾ ಒಂದು ರಾತ್ರಿ ಇಟ್ವಿ. ಗಾಳಿ ಹೊರಬರದ ತೂತಲ್ಲೂ ಸೀಮೆಎಣ್ಣೆ ಜಿನುಗುತ್ತೆ. ಬೆಳಿಗ್ಗೆ ಎಡ ಹಿಂದಿನ ಮೂಲೆ ಸುಣ್ಣದಲ್ಲಿ ಕಡಲೆ ಕಾಳಷ್ಟು ಹಳದಿ ಕಲೆ. ಮತ್ತೆ ಬಿಸಿನೀರು, ಮತ್ತೆ ಹಬೆ, ಮತ್ತೆ ಬೆಸುಗೆ, ಮತ್ತೆ ಸೀಮೆಎಣ್ಣೆ. ಎರಡನೇ ಬೆಳಿಗ್ಗೆ ಸುಣ್ಣ ಪೂರ್ತಿ ಬೆಳ್ಳಗಿತ್ತು.

ಫ್ಲ್ಯಾಂಜ್ ಕೆಳಗೆ ಅಕ್ಷರದ ಪಂಚಿನಲ್ಲಿ ಮೇಲಿನ ತಟ್ಟೆ ಹೊಸದು ಅಂತ ವರ್ಷ ಸಮೇತ ಹೊಡೆದ್ವಿ. ಹೋಸ್‌ಗಳೆಲ್ಲ ಎಥನಾಲ್‌ಗೆ ತಾಳೋವು ಹಾಕಿ, ಪೆಟ್ರೋಲ್ ಮಟ್ಟ ತೋರಿಸೋ ಸೆಂಡರ್ ಯೂನಿಟ್ಟಿನ ಕಾರ್ಕ್ ವಾಷರ್ ಬದಲಿಸಿ, ಪಂಪಿನ ಡಯಾಫ್ರಾಮ್ ಹೊಸದು ಹಾಕಿ, ಡಿಕ್ಕಿ ರಬ್ಬರೂ ಹೊಸದು, ಅದು ಹಾಕದಿದ್ರೆ ಉಳಿದ ಕೆಲಸಕ್ಕೆ ಅರ್ಥವೇ ಇಲ್ಲ.

ಕಾಕಾ ದೀಪಾವಳಿಗೆ ಧಾರವಾಡಕ್ಕೆ ಹೋಗಿ ಬಂದ್ರು, ಹೋಗೋ ಕಡೆಯೇ 400 ಕಿಲೋಮೀಟರ್ ಮೇಲೆ, ಖಂಬಾಟಕಿಯಲ್ಲಿ ನಿಂತಿದ್ದು ಕಾಕೂಗೆ ಚಹಾ ಬೇಕಿತ್ತಂತ ಮಾತ್ರ. ಬಂದ ಮೇಲೆ ಗುರುವಾರ ಶೆಡ್ಡಿಗೆ ತಂದ್ರು, ಅಪ್ಪನ ಆ ಸವೆದ ಪ್ಲಗ್ ತಾವೇ ಕೆಳಗೆ ಮಲಗಿ ಬಿಚ್ಚಿದ್ರು, ಅರ್ಧ ಲೀಟರ್ ಅದೇ ಗಾಜಿನ ಬಾಟಲಿಗೆ ಹಿಡಿದ್ವಿ. ನೀರಿನ ಪದರ ಇರಲಿಲ್ಲ. ತಳದಲ್ಲಿ ತವರದ ಎರಡು ಸಣ್ಣ ಕಣ ಇದ್ವು, ಬೆಸುಗೆದು. ಅವನ್ನ ಸೋಸಿ ಪೆಟ್ರೋಲ್ ವಾಪಸ್ ಹಾಕಿದ್ವಿ. ಮುಂದಿನ ಸಲ ಬಿಚ್ಚೋದು ಮಳೆಗಾಲ ಮುಗಿದ ಮೇಲೆ.